ಬೆರಳು ತೆಗೆದ ಮೇಲೆ

"ಸರಿ, ಬೆರಳು ತೆಗೆದ ಮೇಲೆ ಏನಾಗಬೇಕು?"

ಎದುರಿಗೆ ಯಾರೂ ಇರುತ್ತಿರಲಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು, ತಣ್ಣಗಾದ ಚಹಾವನ್ನು ಮರೆತು, ಹೀಗೆ ಗಾಳಿಯನ್ನು ಪ್ರಶ್ನಿಸುವುದು ನಮ್ಮ ಸಂಸ್ಥೆಯ ಹಿರಿಯ ವಿನ್ಯಾಸಕಿಯವರ ನಿತ್ಯದ ಪರಿಪಾಠ. ಬರಹ ತಿದ್ದುವ ತಂತ್ರಾಂಶಗಳಿಗೆ ಕೀಲಿಮಣೆಯ ಆಜ್ಞೆಗಳನ್ನು ರೂಪಿಸಿದವರು ಹಲವರಿದ್ದಾರೆ. ಆದರೆ ಯಂತ್ರ ತಾನಾಗಿ ಪಾಲಿಸುವ ನಿಯಮವನ್ನು ಅರೆಗಳಿಗೆ ಪಕ್ಕಕ್ಕೆ ಸರಿಸಿ, ಕೆಲಸವಾದೊಡನೆ ಮತ್ತೆ ಅದರ ಪೀಠದಲ್ಲೇ ಕೂರಿಸುವ ಆಜ್ಞೆಗಳಿಗೆಂದೇ ವೃತ್ತಿಜೀವನವನ್ನು ಮುಡಿಪಿಟ್ಟವರು ನಾನು ಕಂಡಂತೆ ಇವರೊಬ್ಬರೇ. ಅದಕ್ಕೇ ನಮ್ಮೆಲ್ಲರ ಬಾಯಲ್ಲಿ ಅವರು 'ಒಂದ್ಸಲದಕ್ಕ'.

ಅವರು ಕಳೆದ ವರ್ಷವೇ ನಿವೃತ್ತರಾಗಬೇಕಿತ್ತು. ಸಂಸ್ಥೆ ನಿಯಮ ಸಡಿಲಿಸಿ ಒಂದು ವರ್ಷ ಉಳಿಸಿಕೊಂಡಿತು. ಇನ್ನೊಂದು ವರ್ಷವೂ ಸಿಕ್ಕೀತೆಂಬ ದುರಾಸೆಯಿಂದ ನಾವು ಈ ಅಭಿನಂದನ ಸಂಪುಟವನ್ನು ಬೇಕೆಂದೇ ಆಮೆನಡಿಗೆಯಲ್ಲಿ ನಡೆಸಿದೆವು. ಸಂಪುಟ ಸಿದ್ಧವಾಗದೆ ಬೀಳ್ಕೊಡುವುದು ಹೇಗೆ?

ಅಕ್ಕ ಸೇರಿದ ಹೊಸತರಲ್ಲಿ, ನಮ್ಮ ತಂತ್ರಾಂಶ ಪದಗಳನ್ನು ತಾನಾಗಿ ತಿದ್ದುವುದು ಬೇಡವೆನಿಸಿದರೆ ಸೆಟ್ಟಿಂಗ್ಸ್‌ ತೆರೆದು ಆ ಸೌಲಭ್ಯವನ್ನೇ ದೀಪದಂತೆ ಆರಿಸಿಬಿಡಬೇಕಿತ್ತು. ಆರಿಸಿದವರು ಮತ್ತೆ ಹಾಕಲು ಮರೆಯುತ್ತಿದ್ದರು. ಪತ್ರಿಕೆಯೊಂದರ ಉಪಸಂಪಾದಕರು ಯಾರದೋ ಅಪರೂಪದ ಹೆಸರನ್ನು ಉಳಿಸಿಕೊಳ್ಳಲು ಹೀಗೆ ಆರಿಸಿ, ಹಾಗೇ ಮನೆಗೆ ಹೋದರು. ಮರುದಿನ ತಿದ್ದದ ತಪ್ಪುಗಳು ತುಂಬಿ ಮುಖಪುಟ ಮುಖ ತೋರಿಸುವಂತಿರಲಿಲ್ಲ. ಎಲ್ಲರೂ ಅವರನ್ನು ಬಯ್ದರೆ ಅಕ್ಕ ಮಾತ್ರ, "ಮನುಷ್ಯರಿಗೆ ಮರೀಬೇಡಿ ಅಂತ ಹೇಳಕ್ಕಾಗತ್ತೇನ್ರೋ? ನೆನಪಿಟ್ಕೊಳ್ಳೋದು ಯಂತ್ರದ ಕೆಲಸ" ಎಂದರು. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತಿದ್ದುಪಡಿ ಬಾಯಿ ಮುಚ್ಚಿಕೊಂಡಿದ್ದು, ಬಿಟ್ಟೊಡನೆ ಎಚ್ಚೆತ್ತುಕೊಳ್ಳುವ ಕೀಲಿ ಹಾಗೆ ಹುಟ್ಟಿತು.

ನನ್ನ ಅಜ್ಜ ದೇವರ ಮುಂದೆ ಪದ್ಯ ಓದುವಾಗ ಒಂದು ಸಾಲಿಗಷ್ಟೇ ದನಿಯನ್ನು ಮೇಲೇರಿಸಿ, ಸಾಲು ಮುಗಿಯುತ್ತಲೇ ಮೆಲ್ಲಗೆ ಶ್ರುತಿಗೆ ಇಳಿಯುತ್ತಿದ್ದರು. ಅದನ್ನು ಕೇಳುತ್ತ ಬೆಳೆದ ನನಗೆ ಅಕ್ಕನ ಕೀಲಿಯಲ್ಲಿ ಪರಿಚಿತವಾದದ್ದೇನೋ ಕೇಳಿಸಿತು. ಹೇಳಿದಾಗ ಅವರು ನಕ್ಕು, "ಇಳಿಯಕ್ಕೆ ಬರದೋರು ಏರಬಾರ್ದು ಕಣೋ" ಎಂದಿದ್ದರು.

ಹಳೆಯ ಪದ್ಯಗಳ ಕರಡು ತಿದ್ದುವ ತಾತನೊಬ್ಬರು ನಮ್ಮಲ್ಲಿಗೆ ಬಂದದ್ದನ್ನು ಇಲ್ಲಿ ನೆನೆಯಲೇಬೇಕು. ಅವರ ಹಳೆಯ ಪದಗಳನ್ನೆಲ್ಲ ತಂತ್ರಾಂಶ ಹೊಸ ರೂಪಕ್ಕೆ ತಿದ್ದಿಬಿಡುತ್ತಿತ್ತು. ಕೀಲಿ ಒತ್ತಿ ಹಿಡಿಯೋಣವೆಂದರೆ ಬೆರಳ ಗೆಣ್ಣುಗಳು ಊದಿದ್ದವು.

"ಪೂರ್ತಿ ಆರಿಸಿಬಿಡಮ್ಮಾ, ಪುಣ್ಯ ಬರುತ್ತೆ."

"ಪುಣ್ಯ ನೀವೇ ಇಟ್ಕೊಳ್ಳಿ ತಾತ. ನಂಗೆ ಒಂದು ವಾರ ಕೊಡಿ."

ಆ ವಾರವಿಡೀ ಅಕ್ಕ ದಪ್ಪ ಉಣ್ಣೆಯ ಕೈಗವಸು ತೊಟ್ಟುಕೊಂಡೇ ಟೈಪು ಮಾಡಿದರು. "ಅಕ್ಕಾ, ಚಳಿನಾ?" ಎಂದು ಯಾರೋ ಕಿಚಾಯಿಸಿದರೆ, "ಅಲ್ಲ, ವಯಸ್ಸು" ಎಂದರು. ಕೊನೆಗೆ ಹಿಡಿಯಬೇಕಿಲ್ಲದ ಆಜ್ಞೆ ಸಿದ್ಧವಾಯಿತು: ಒಮ್ಮೆ ತಟ್ಟಿದರೆ ಮುಂದಿನ ಒಂದು ಸಾಲನ್ನು ಯಂತ್ರ ಮುಟ್ಟದು, ಸಾಲು ಮುಗಿದೊಡನೆ ನಿಯಮ ತಾನಾಗಿ ಮರಳುವುದು. ತಾತ ತಮ್ಮ ಮೊದಲ ಸಾಲನ್ನು ಬರೆದು, ಅದು ಹಾಗೇ ನಿಂತದ್ದನ್ನು ಕಂಡು, ನಮ್ಮ ಕಚೇರಿಯಲ್ಲೇ ಅದನ್ನು ರಾಗವಾಗಿ ಓದಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಅಕ್ಕ ಮಾತ್ರ ಪರದೆಯನ್ನೇ ದಿಟ್ಟಿಸುತ್ತಿದ್ದರು, ಎರಡನೆಯ ಸಾಲಿಗೆ ನಿಯಮ ಮರಳಿತೋ ಇಲ್ಲವೋ ಎಂದು.

ಇನ್ನು ಮುಂದೆ ಮನೆಯಲ್ಲೇ ಕುಳಿತು, ನಡುಗುವ ಕೈಗಳಿಗೆ ಒಗ್ಗುವ ಆಜ್ಞೆಗಳನ್ನು ರೂಪಿಸುವ ಸಂಕಲ್ಪ ಅವರದು. ಆ ಕೈಂಕರ್ಯ ನಿರಾತಂಕವಾಗಿ ಸಾಗಲಿ, ಕಣ್ಣು ಚುರುಕಾಗಿರಲಿ, ನೂರು ತುಂಬಿದ ಮೇಲೂ ಗಾಳಿಯನ್ನು ಹೀಗೇ ಪ್ರಶ್ನಿಸುತ್ತಿರಲಿ ಎಂದು ಭಗವಂತನನ್ನು ಬೇಡುತ್ತೇನೆ.

ನಮ್ಮ ದುರಾಸೆ ಏನಾಯಿತೆಂದು ಓದುಗರು ಕೇಳಬಹುದು. ಹೋದ ಸೋಮವಾರ ನಿರ್ದೇಶಕರು ಆದೇಶವನ್ನು ಸಿದ್ಧಪಡಿಸಿಕೊಂಡೇ ಅಕ್ಕನ ಮೇಜಿನ ಬಳಿ ಬಂದರು. ಅಕ್ಕನಿಂದ ಕೆಲಸ ಕಲಿತು, ಅವರ ಹುದ್ದೆಗೆ ಒಂದು ವರ್ಷದಿಂದ ಕಾದಿರುವ ಕಿರಿಯ ಸಹೋದ್ಯೋಗಿ ಪಕ್ಕದಲ್ಲೇ ತಲೆತಗ್ಗಿಸಿ ಕುಳಿತಿದ್ದಳು.

"ಇನ್ನೊಂದೇ ವರ್ಷ, ಅಕ್ಕಾ. ನೀವೇ ಹೇಳ್ತೀರಲ್ಲ, ಒಂದ್ಸಲ ಅಂತ."

ಅಕ್ಕ ಆ ಹುಡುಗಿಯತ್ತ ನೋಡಿ, ಕೀಲಿಮಣೆಯಿಂದ ಕೈ ತೆಗೆದರು.

"ಆ ಒಂದ್ಸಲ ಹೋದ ವರ್ಷವೇ ಮುಗೀತು ಸಾರ್. ಆಗಲ್ಲ."