ಹಚ್ಚೆ ಅಕ್ಷರ, ಸ್ಟಿಕ್ಕರ್ ಅಕ್ಷರ

ನನ್ನ ತಂಗಿಯ ಟಿವಿಗೆ ಕನ್ನಡ ಹಾಕಿದೆವು. ಇಟ್ಟಿಗೆ ಬಂತು.

ತಮಾಷೆಯಲ್ಲ. ಪರದೆಯ ಕೆಳಗಡೆ ಸಾಲಾಗಿ ಚೌಕ, ಚೌಕ, ಚೌಕ. ಗೂಡಿನ ಪಕ್ಕ ಒಣಗಲು ಇಟ್ಟ ಇಟ್ಟಿಗೆಯ ಹಾಗೆ. ಮೇಲ್ಗಡೆ ಜಪಾನಿನ ಬೊಂಬೆ ಮುದುಕಿಯೊಬ್ಬಳು ಬಾಯಿ ತೆರೆದು ಏನೋ ಹೇಳುತ್ತಾಳೆ, ಕೆಳಗಡೆ ಏಳೆಂಟು ಇಟ್ಟಿಗೆ. ಅವಳು ಬಾಯಿ ಮುಚ್ಚಿದರೆ ಇಟ್ಟಿಗೆಯೂ ಮಾಯ. ಜಾಸ್ತಿ ಮಾತಾಡಿದರೆ ಎರಡು ಸಾಲು ಇಟ್ಟಿಗೆ.

ಚಿನ್ನದ ಗಣಿಯವರು ಕೂಲಿಗಳಿಗೆ ಕಟ್ಟಿಸಿದ ನಂದಿದುರ್ಗದ ಲೈನ್ ಮನೆಯಲ್ಲಿ ನಾವು ಮೂವರು ಕೂತಿದ್ದೆವು. ನಾನು, ನನ್ನ ತಂಗಿ ರತ್ನ, ಪಕ್ಕದ ಮನೆಯ ಸೆಲ್ವಿ. ಸೆಲ್ವಿ ತಲೆ ವಾರೆ ಮಾಡಿ ನೋಡಿ, "ಎನ್ನಕ್ಕಾ ಇದು, ಕಟ್ಟಂ ಕಟ್ಟಮಾ ವರುದು?" ಅಂದಳು. (ಇದೇನಕ್ಕ ಚೌಕ ಚೌಕವಾಗಿ ಬರ್ತಿದೆ, ಅಂತ. ಅವಳು ತಮಿಳಲ್ಲಿ ಕೇಳುತ್ತಾಳೆ, ನಾನು ಕನ್ನಡದಲ್ಲಿ ಹೇಳುತ್ತೇನೆ, ಬೈಗುಳ ಮಾತ್ರ ಇಬ್ಬರದೂ ತೆಲುಗು.)

ರತ್ನ ಕಣ್ಣು ಉಜ್ಜಿಕೊಂಡಳು. ಎರಡು ಸಲ. ಆಮೇಲೆ ಇಡೀ ಲೈನಿಗೆ ಕೇಳುವ ಹಾಗೆ ಕೂಗಿದಳು.

"ಕಿವಿ ಓಗಿದ್ದು ಸಾಲ್ದು ಅಂತ ಈಗ ಕಣ್ಣೂ ಓಯ್ತಾ ಅನ್ಕಂಡೆ ಕಣಕ್ಕ! ಇದನ್ನ ತೋರ್ಸಕ್ಕೆ ರೈಲ್ ಅತ್ಕೊಂಡು ಬಂದ್ಯಾ?"

ರತ್ನನ ಕಿವಿ ಹೋಗಿ ಮೂರು ವರ್ಷವಾಯಿತು. ಕಿವಿಗೆ ಮೆಷಿನ್ ಹಾಕಿಸಿದರು. ಅದು ಕುಕ್ಕರ್ ಹಾಗೆ ಸೀಟಿ ಹೊಡೆಯುತ್ತದೆ ಅಂತ ಸಾಸಿವೆ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಳು. ಮನೆ ತುಂಬ ಜನ ಇದ್ದಾರೆ. ಮಗ, ಸೊಸೆ, ಹೋಗುವವರು, ಬರುವವರು. ಆದರೆ ದಿನಾ ಎಷ್ಟು ಅಂತ ಕೂಗುತ್ತಾರೆ? "ಊಟ ಆಯ್ತಾ" ಅನ್ನುವುದನ್ನು ಕೈಯಲ್ಲಿ ತೋರಿಸಬಹುದು. "ಸೊಸೆ ತಂಗಿಗೆ ಗಂಡು ನೋಡಿದ್ವಿ, ಹುಡುಗನ ಮೂಗು ಸರಿಯಿಲ್ಲ" ಅನ್ನುವುದನ್ನು ಹೇಗೆ ತೋರಿಸುವುದು? ಬದುಕಿನಲ್ಲಿ ರುಚಿ ಇರುವುದು ಎರಡನೆಯ ಥರದ ಮಾತಿನಲ್ಲೇ ಅಲ್ಲವಾ?

ನಾನು ಅವಳ ಜೊತೆ ಸ್ಲೇಟಿನಲ್ಲಿ ಮಾತಾಡುತ್ತೇನೆ. ನಾನು ಅಕ್ಷರ ಕಲಿತದ್ದು ನಲವತ್ತೈದು ದಾಟಿದ ಮೇಲೆ, ಕೈ ನಿಧಾನ. ಮೊದಲೆಲ್ಲ ಅವಳನ್ನು ಒಂದು ಗಂಟೆ ಬೈಯುತ್ತಿದ್ದೆ. ಈಗ ಬೈಗುಳವನ್ನೂ ಬರೆಯಬೇಕು, ಹಾಗಾಗಿ ಎರಡೇ ಪದದಲ್ಲಿ ಮುಗಿಸುತ್ತೇನೆ. ಬೈಗುಳ ಗಟ್ಟಿಯಾಗಿದೆ.

ಇಂಥ ರತ್ನ, ನಾನು ಸಂಕ್ರಾಂತಿಗೆ ಹೋದಾಗ, ಒಂದು ಮಾತು ಹೇಳಿದಳು. "ಟಿವಿನ ಸೆಲ್ವಿಗೆ ಕೊಟ್ಬುಡ್ತೀನಿ. ಮೂಗ್ರು ಬಾಯಾಡ್ಸೋದನ್ನ ಎಷ್ಟ್ ದಿನ ನೋಡ್ಲಿ?"

ಅವಳು ಟಿವಿ ಕೊಟ್ಟರೆ ನನಗೇನು? ಏನೂ ಇಲ್ಲ. ಆದರೆ ರತ್ನ ಏಳನೇ ಕ್ಲಾಸು ಓದಿದವಳು. ಧಾರಾವಾಹಿಯಲ್ಲಿ ಅತ್ತೆ ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾಳೆ ಅಂತ ಹೇಳಿಬಿಡುತ್ತಿದ್ದವಳು. ಅವಳು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗುವುದು ಶುರು ಮಾಡಿದ್ದಳು. ಬೆಳಿಗ್ಗೆ ಹತ್ತು ಗಂಟೆಗೇ. ಅದು ನನಗೆ ಸರಿಬರಲಿಲ್ಲ.

ಆಗ ನೆನಪಾದವಳು ನನ್ನ ಮೊಮ್ಮಗಳು ಚೈತ್ರ. ಬಂಗಾರಪೇಟೆಯಲ್ಲಿ ಬಿಕಾಂ ಓದುತ್ತಾಳೆ. ಓದು ಬಿಟ್ಟರೆ ಅವಳಿಗೆ ಒಂದೇ ಹುಚ್ಚು. ಜಪಾನಿನವರ ಬೊಂಬೆ ಸಿನಿಮಾ.

"ಬೊಂಬೆ ಅಲ್ಲಜ್ಜಿ. ಅನಿಮೆ."

"ಅನೀಮಿಯಾ? ರಕ್ತ ಕಮ್ಮಿ ಇರೋದಾ? ಆಶಾ ಬಂದು ಮಾತ್ರೆ ಕೊಟ್ಟೋಗ್ತಾಳಲ್ಲ?"

"ಅಯ್ಯೋ ಅಜ್ಜಿ!"

ಅವಳು ಸುಮ್ಮನೆ ನೋಡುವುದಿಲ್ಲ. ಡಿಸ್ಕ್ ತರಿಸಿ, ಕೆಳಗಡೆ ಬರುವ ಇಂಗ್ಲಿಷ್ ಓದಿಕೊಂಡು, ಅದನ್ನು ಕನ್ನಡದಲ್ಲಿ ಬರೆದು ಸೇರಿಸುತ್ತಾಳೆ. ಯಾರು ಕೇಳಿದರು ಅಂದರೆ ಯಾರೂ ಕೇಳಿಲ್ಲ. ಆದರೆ ಯೋಚಿಸಿ. ಕಿವಿ ಕೇಳದವಳು, ಅಕ್ಷರ ಬಲ್ಲವಳು. ಮಾತೆಲ್ಲ ಅಕ್ಷರವಾಗಿ ಕೆಳಗೆ ಬರುವ ಸಿನಿಮಾ. ಜಪಾನಿ ಮಾತು ಕಿವಿ ಇರುವ ನನಗೂ ಅರ್ಥವಾಗುವುದಿಲ್ಲ, ಇಲ್ಲದ ರತ್ನನಿಗೂ ಆಗುವುದಿಲ್ಲ. ಅಲ್ಲಿ ನಾವಿಬ್ಬರೂ ಸಮ. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ?

ಪೆನ್ ಡ್ರೈವಿಗೆ ಹಾಕಿಸಿ, ಸೆರಗಿನ ತುದಿಗೆ ಗಂಟು ಹಾಕಿ, ಮಾರಿಕುಪ್ಪಂ ರೈಲು ಹತ್ತಿದೆ. ಅಲ್ಲಿ ಆದದ್ದು ಇಟ್ಟಿಗೆ.

ಮನೆಗೆ ಬಂದು ಚೈತ್ರನನ್ನು ನಿಲ್ಲಿಸಿ ಕೇಳಿದೆ. ಅವಳು ಹಣೆ ಚಚ್ಚಿಕೊಂಡಳು.

"ಎಂಕೆವಿ ಕೊಟ್ಬುಟ್ಟೆ ಕಣಜ್ಜಿ. ಎಂಪಿ ಫೋರ್ ಕೊಡ್ಬೇಕಾಗಿತ್ತು."

ಅದೇನು, ಇದೇನು? ನನಗೆ ಬಿಡಿಸಿ ಹೇಳುವವರೆಗೂ ಬಿಡಲಿಲ್ಲ. ಹಿಟ್ಟು ತೊಳಸುತ್ತಾ ಕೇಳಿದೆ, ಅವಳು ಹೊಸ್ತಿಲ ಮೇಲೆ ಕೂತು ಹೇಳಿದಳು. ಎಂಕೆವಿ ಅಂದರೆ ಟಿಫನ್ ಕ್ಯಾರಿಯರ್ ಇದ್ದ ಹಾಗಂತೆ. ಒಂದು ಡಬ್ಬಿಯಲ್ಲಿ ಚಿತ್ರ, ಒಂದರಲ್ಲಿ ಸದ್ದು, ಒಂದರಲ್ಲಿ ಅಕ್ಷರ. ಬೇಕಾದರೆ ಅಕ್ಷರ ದೊಡ್ಡದು ಮಾಡಬಹುದು, ಬೇಡವಾದರೆ ತೆಗೆಯಬಹುದು, ಕನ್ನಡದ ಜೊತೆ ತೆಲುಗನ್ನೂ ಇಡಬಹುದು. ತಪ್ಪಿದ್ದರೆ ಆ ಒಂದು ಡಬ್ಬಿ ಮಾತ್ರ ತೊಳೆದರೆ ಸಾಕು. ಎಂಪಿ ಫೋರಿನಲ್ಲಿ ಅಕ್ಷರವನ್ನು ಚಿತ್ರದ ಮೈಮೇಲೇ ಸುಟ್ಟುಬಿಡುತ್ತಾರಂತೆ. (ಅದರಲ್ಲೂ ಅಕ್ಷರ ಬೇರೆ ಇಡಬಹುದಂತೆ. ಅವಳು ಮಾತ್ರ ಸುಟ್ಟೇ ಕೊಡುತ್ತಾಳೆ.) ಸುಟ್ಟ ಮೇಲೆ ಎಂಥ ಹಳೇ ಟಿವಿಯಲ್ಲೂ ಬರುತ್ತದೆ. ಆದರೆ ಅಳಿಸೋಕಾಗಲ್ಲ, ತಿದ್ದೋಕಾಗಲ್ಲ.

"ಅಂದ್ರೆ ಒಂದು ಸ್ಟಿಕ್ಕರ್ ಬೊಟ್ಟು, ಒಂದು ಅಚ್ಚೆ," ಅಂದೆ.

ಚೈತ್ರ ಹೊಸ್ತಿಲಿಂದ ಎದ್ದೇಬಿಟ್ಟಳು. "ಮೂರ್ ವರ್ಷದಿಂದ ಕಾಲೇಜಲ್ಲಿ ಇದನ್ನ ಎಲ್ರಿಗೂ ವಿವರಿಸ್ತಾ ಇದ್ದೀನಿ ಅಜ್ಜಿ. ನಂಗೇ ಒಳೀಲಿಲ್ಲ."

ಹಚ್ಚೆಯ ವಿಚಾರ ನನಗೆ ಗೊತ್ತು. ನನ್ನ ಮುಂಗೈ ಮೇಲೆ ಒಂದು ಚೇಳಿದೆ. ಹುಯ್ದವಳನ್ನು ನಡುವೆ ಯಾರೋ ಕರೆದರು, ಬಾಲ ಹಾಕುವುದು ಮರೆತಳು. ಅರವತ್ತು ವರ್ಷದಿಂದ ಏಡಿ ಹೊತ್ತು ತಿರುಗುತ್ತಿದ್ದೇನೆ.

ಸರಿ, ಇಟ್ಟಿಗೆ ಯಾಕೆ ಬಂತು? ಆ ಟಿವಿಯೊಳಗೆ ಕನ್ನಡದ ಅಕ್ಷರವೇ ಇಲ್ಲವಂತೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕನ್ನಡ ಮಾತಾಡುತ್ತದೆ, ಬರೆಯಲು ಮಾತ್ರ ಬಾರದು. ನಾನೂ ನಲವತ್ತೈದು ವರ್ಷ ಹಾಗೇ ಇದ್ದೆ. ಅದಕ್ಕೇ ಅದನ್ನು ಬೈಯಲು ಹೋಗಲಿಲ್ಲ.

ಹಾಗಾದರೆ ಹಚ್ಚೆಯೇ ಆಗಲಿ ಅಂದೆ. ಆದರೆ ಹಚ್ಚೆ ಹುಯ್ಯುವ ಮೊದಲು ಒಂದೊಂದು ಸಾಲನ್ನೂ ನೋಡಬೇಕು. ನೋಡುವವಳು ಯಾರು? ನಾನೇ. ಬೆರಳಿಟ್ಟು ಕೂಡಿಸಿ ಓದುವ ನಾನು ಮುಗಿಸುವ ತನಕ ಅಕ್ಷರ ನಿಂತರೆ, ರತ್ನನಿಗೆ ಧಾರಾಳವಾಯಿತು. ಇದು ನನ್ನ ಲೆಕ್ಕ.

ಕೂತೆ. ಕಥೆ ಇಷ್ಟೇ. ಸಮುದ್ರದ ದಡದಲ್ಲಿ ಹಡಗಿಗೆ ದೀಪ ತೋರಿಸುವ ಒಂದು ಗೋಪುರ. ಅದನ್ನು ಕಾಯುವ ಮುದುಕಿ. ಅವಳು ಸಾಕಿದ ಹುಡುಗಿ. ಹುಡುಗಿಗೆ ಪಟ್ಟಣಕ್ಕೆ ಹೋಗಿ ಓದಬೇಕು, ಆದರೆ ಮುದುಕಿಯನ್ನು ಬಿಟ್ಟು ಹೋಗಲಾರಳು.

ಮೊದಲ ಜಗಳ ಎರಡನೇ ಸಾಲಿಗೇ ಆಯಿತು.

"ಲೇ, ಅವಳು 'ಹಾಯ್' ಅಂತಾಳೆ. ನೀನು 'ಖಂಡಿತವಾಗಿಯೂ ತಾವು ಹೇಳಿದಂತೆಯೇ ಆಗಲಿ' ಅಂತ ಬರ್ದಿದ್ದೀಯಾ. 'ಖಂಡಿ'ವರೆಗೆ ಓದ್ದೆ, ಮಾಯ ಆಯ್ತು."

"ಅವ್ರ 'ಹಾಯ್' ಅಂದ್ರೆ ಔದು ಅಂತ. ಇದು ಗೌರವ ಅಜ್ಜಿ. ಜಪಾನಲ್ಲಿ ಆಗೇ."

"ಗೌರವಾನ ಓದಕ್ಕೆ ಬಿಡ್ಬೇಕಲ್ವಾ? 'ಹೂಂ' ಅಂತ ಬರಿ."

ಮೂರು ಭಾನುವಾರ ಹಿಡಿಯಿತು. ಉದ್ದ ಸಾಲುಗಳನ್ನೆಲ್ಲ ಸೊಪ್ಪು ಬಿಡಿಸಿದ ಹಾಗೆ ಬಿಡಿಸಿದೆವು. ಅಕ್ಷರ ದಪ್ಪ ಮಾಡಿಸಿದೆ. ಬಿಳಿ ಅಕ್ಷರ ಬಿಳಿ ಅಲೆಯ ಮೇಲೆ ಬಂದರೆ ಕಾಣುವುದಿಲ್ಲ ಅಂತ ಸುತ್ತ ಕಪ್ಪು ಗೆರೆ ಹಾಕಿಸಿದೆ. ಇದೆಲ್ಲ ನನಗೆ ಬೇಕಿತ್ತಾ? ಬೇಕಿತ್ತು. ಕುತೂಹಲಕ್ಕೆ ವಯಸ್ಸು ಕೇಳುವವರು ಯಾರು? ಕೊನೆಗೆ ಚೈತ್ರ ಸುಟ್ಟಳು.

ಹೋದ ಭಾನುವಾರ ಮತ್ತೆ ರೈಲು. ರತ್ನ ಬಾಗಿಲಲ್ಲೇ ಕೈ ಅಡ್ಡ ಇಟ್ಟಳು. "ಇಟ್ಟಿಗೆ ತಂದಿದ್ರೆ ಆಚೆ ಇಡು. ಟಿವಿ ಎತ್ಕೊಂಡೋಗಕ್ಕೆ ಸೆಲ್ವಿ ಸಾಯಂಕಾಲ ಬತ್ತಾಳೆ."

ನಾನು ಸ್ಲೇಟಿನಲ್ಲಿ ಬರೆದೆ: "ಬಾಯ್ಮುಚ್ಚಿ ಕೂತ್ಕೋ."

ಹಾಕಿದೆವು. ಅಕ್ಷರ ಬಂತು. ಕನ್ನಡವೇ ಬಂತು.

ರತ್ನ ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು. ಎರಡನೆಯದನ್ನೂ ಓದಿದಳು. ಹತ್ತನೆಯ ಸಾಲಿನ ಹೊತ್ತಿಗೆ ತುಟಿ ಮಾತ್ರ ಆಡುತ್ತಿತ್ತು. ಸೆಲ್ವಿ ಬಂದು ಬಾಗಿಲಲ್ಲಿ ನಿಂತಳು. ಯಾರೂ ಅವಳನ್ನು ಮಾತಾಡಿಸಲಿಲ್ಲ, ಅವಳೂ ಕೂತುಬಿಟ್ಟಳು. ರತ್ನ ಅವಳಿಗೆ ತಮಿಳಲ್ಲಿ ಕಥೆ ಬಿಡಿಸಿ ಹೇಳುತ್ತಾ ಹೋದಳು. ಮೂರು ವರ್ಷದಿಂದ ಯಾರೋ ಅವಳಿಗೆ ಹೇಳಬೇಕಾಗಿತ್ತು. ಈಗ ಅವಳು ಹೇಳುತ್ತಿದ್ದಳು.

ಕೊನೆಯ ದೃಶ್ಯ. ದೋಣಿ ನಿಂತಿದೆ. ಹುಡುಗಿ ಹತ್ತಲಾರಳು. ಮುದುಕಿ ಬೆನ್ನು ತಿರುಗಿಸಿ ಒಂದು ಮಾತು ಹೇಳುತ್ತಾಳೆ. ಕೆಳಗೆ ದಪ್ಪ ಅಕ್ಷರ: "ನಿನ್ನ ಅವಸರ ನನಗಿಲ್ಲ. ಹೋಗು."

ಹುಡುಗಿ ಅಳುತ್ತಾ ದೋಣಿ ಹತ್ತಿದಳು. ಮುಗಿಯಿತು. ಕೊನೆಗೆ "ಎರಡನೇ ಭಾಗ ಇದೆ" ಅಂತ ಅಕ್ಷರ ಬಂತು.

ರತ್ನ ಕಣ್ಣೊರೆಸಿಕೊಂಡು ಸೆಲ್ವಿಯ ತೊಡೆ ತಟ್ಟಿದಳು. "ಎಂಥ ಮುದುಕಿ ನೋಡು! 'ಅವಸರ ಇಲ್ಲ, ಓಗು' ಅಂದ್ಲು. ನಿಧಾನಕ್ ಓದ್ಕೊಂಡು ಬಾ, ನಾನ್ ಕಾಯ್ತೀನಿ ಅಂತ. ಯಾರಂತಾರೆ ಅಂಗೆ?"

ನನ್ನ ಕೈಯಲ್ಲಿ ಬಳಪ ಇತ್ತು. ಹಾಗೇ ನಿಂತಿತು.

ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತೆಲುಗು. "ಉಪ್ಪಿನ ಅವಸರ ಇಲ್ಲ" ಅಂದರೆ ಉಪ್ಪು ಬೇಡ ಅಂತ. ಚೈತ್ರ ಬರೆದದ್ದೂ ಅದೇ: ನೀನು ನನಗೆ ಬೇಡ, ಹೋಗು. ನಾನು ಬೆರಳಿಟ್ಟು ಓದಿ ಸರಿ ಅಂದದ್ದೂ ಅದೇ. ರತ್ನ ನನ್ನ ಜೊತೆ ಅದೇ ಒಲೆಯ ಮುಂದೆ ಬೆಳೆದವಳು. ಆದರೆ ನಲವತ್ತು ವರ್ಷದಿಂದ ಈ ಲೈನಿನಲ್ಲಿದ್ದಾಳೆ. ಇಲ್ಲಿಯ ತಮಿಳಲ್ಲಿ ಅವಸರ ಅಂದರೆ ಆತುರ. ನೀವು ಓದುವ ಪುಸ್ತಕದ ಕನ್ನಡದಲ್ಲೂ ಆತುರವೇ. ಮುದುಕಿಯ ಗಂಟಲು ಕೇಳಿದ್ದರೆ ಸಿಟ್ಟು ಅಂತ ಗೊತ್ತಾಗುತ್ತಿತ್ತು. ರತ್ನನಿಗೆ ಕಂಡದ್ದು ಬೆನ್ನು, ಅಕ್ಷರ, ಇಷ್ಟೇ.

ತಪ್ಪು ಅಂತ ಬರೆಯಬೇಕಾಗಿತ್ತು. ನನಗೆ ಸುಳ್ಳು ಆಗಿಬರುವುದಿಲ್ಲ. ಆದರೆ ರತ್ನ ಅಷ್ಟರಲ್ಲಿ ಎದ್ದು ಟಿವಿಯ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. "ಸೆಲ್ವಿ, ಟಿವಿ ಈಗ ಬೇಡ ಕಣೇ, ಎರಡ್ನೇ ಭಾಗ ಐತಂತೆ," ಅಂದಳು. ಸೆಲ್ವಿ, "ಪರವಾಯಿಲ್ಲೆಕ್ಕಾ, ನಾನ್ ಇಂಗೇ ವಂದು ಪಾಕ್ಕಿರೇನ್," ಅಂದಳು. ಇಲ್ಲಿಗೇ ಬಂದು ನೋಡುತ್ತಾಳಂತೆ. ನಾನು ಸ್ಲೇಟಿನಲ್ಲಿ "ಹೂಂ" ಅಂತ ಬರೆದೆ. ಒಂದೇ ಅಕ್ಷರ, ಒಂದು ಸೊನ್ನೆ.

ಮನೆಗೆ ಬಂದು ಚೈತ್ರನಿಗೆ ಹೇಳಿದೆ. ಅವಳ ಮುಖ ಸಣ್ಣಗಾಯಿತು. "ಎಂಕೆವಿ ಆಗಿದ್ರೆ ಒಂದ್ ಸಾಲು ತಿದ್ತಿದ್ದೆ ಅಜ್ಜಿ, ಎರಡು ನಿಮಿಷ. ಈಗ ಪೂರ್ತಿ ಮತ್ತೆ ಸುಡ್ಬೇಕು. ಸುಟ್ಟು ಕೊಡ್ತೀನಿ, ತಗೊಂಡೋಗು."

"ಬೇಡ."

"ತಪ್ಪಲ್ವಾ?"

"ತಪ್ಪೇ. ಇರ್ಲಿ ಬಿಡು."

"ಇರಕ್ಕಾಗಲ್ಲ ಅಜ್ಜಿ," ಅಂದಳು ಮೆಲ್ಲಗೆ. "ಎರಡ್ನೇ ಭಾಗದಲ್ಲಿ ಉಡುಗಿ ವಾಪಸ್ ಬತ್ತಾಳೆ. ಬಂದು ಬಾಗ್ಲಲ್ಲಿ ನಿಂತು ಕೇಳೋದೇ ಅದನ್ನ. 'ನಾನ್ ಬೇಡ ಅಂತ ಯಾಕಂದೆ?' ಅಂತ."

ಈಗ ಹೇಳಿ. ಓದುಬರಹ ಬಲ್ಲವರು ನೀವು. ಬರುವ ಭಾನುವಾರ ರತ್ನನೂ ಸೆಲ್ವಿಯೂ ಟಿವಿ ಮುಂದೆ ಕಾದು ಕೂತಿರುತ್ತಾರೆ. ಆ ಹುಡುಗಿಯ ಬಾಯಿಗೆ ನಾವು ಯಾವ ಮಾತನ್ನು ಹಚ್ಚೆ ಹುಯ್ಯೋಣ?