ಸಣ್ಣಪ್ಪ ಹಗ್ಗ ಕತ್ತರಿಸಿದ ದಿನ

ಎಪ್ಪತ್ನಾಲ್ಕನೇ ಇಸವಿಯ ಮಳೆಗಾಲ. ನಾನಾಗ ಸೈನ್ಯದಲ್ಲಿ ಹವಾಲ್ದಾರ್. ಹೊಳೆ ದಾಟುವುದನ್ನು ಕಲಿಸುವ ಇನ್‌ಸ್ಟ್ರಕ್ಟರ್ ಕೆಲಸ. ಬೇರೊಂದು ದೇಶದಿಂದ ಬಂದ ಒಂಬತ್ತು ಕಮಾಂಡೊಗಳಿಗೆ ತರಬೇತಿ ಕೊಡಲು ಆಲಮೇಲದ ಹತ್ತಿರ ಭೀಮಾ ನದಿಯ ದಂಡೆಗೆ ನನ್ನನ್ನು ಕಳಿಸಿದರು. ಆ ದೇಶದ ಹೆಸರನ್ನು ಆಗಲೂ ಹೇಳುವಂತಿರಲಿಲ್ಲ, ಈಗಲೂ ಹೇಳುವುದಿಲ್ಲ. ಬಿಜಾಪುರ ಜಿಲ್ಲೆಯವನು ಎಂದ ಕೂಡಲೇ ಭೀಮೆ ನನ್ನ ಮನೆಯ ಹಿತ್ತಲಲ್ಲೇ ಹರಿಯುತ್ತದೆ ಎಂದು ಮೇಲಿನವರು ತಿಳಿದಿದ್ದರು. ನಾನೋ ಬಾಗೇವಾಡಿ ತಾಲೂಕಿನ ಮಸೂತಿಯವನು. ಈಜು ಕಲಿತದ್ದು ಬಾವಿಯಲ್ಲಿ!

ಬಂದವರು ಗುಡ್ಡಗಾಡಿನ ಮಂದಿ. ಕಡಿದಾದ ಬಂಡೆಯನ್ನು ನಗುನಗುತ್ತ ಹತ್ತುತ್ತಿದ್ದರು, ಮೊಣಕಾಲಿನ ಮೇಲೆ ನೀರು ಬಂತೆಂದರೆ ಮುಖ ಬಿಳುಚಿಕೊಳ್ಳುತ್ತಿತ್ತು. ಊರಿಗೆ ಮರಳಿದ ಮೇಲೆ ಅವರು ಗಡಿಯ ಹೊಳೆಯೊಂದನ್ನು ಆಯುಧಗಳ ಸಮೇತ ಸದ್ದಿಲ್ಲದೆ ದಾಟಬೇಕಿತ್ತು. ಅವರ ಮುಖಂಡನ ನಿಜವಾದ ಹೆಸರು ನಮಗೆ ತಿಳಿಸಲಿಲ್ಲ. ಆಳು ಕುಳ್ಳ, ಹಾಗಾಗಿ ಸಣ್ಣಪ್ಪ ಎಂದು ಕರೆದೆವು. ಅವನೊಬ್ಬನಿಗೆ ಹರಕುಮುರುಕು ಹಿಂದಿ ಬರುತ್ತಿತ್ತು.

ದಾಟುವ ಕ್ರಮ ಹೀಗೆ: ಒಬ್ಬ ಹಗ್ಗ ಹಿಡಿದು ಈಜಿ ಆಚೆ ದಡದ ಮರಕ್ಕೆ ಕಟ್ಟಬೇಕು. ಈಚೆ ತುದಿ ಒಂದು ಗೂಟಕ್ಕೆ. ಆಯುಧಗಳು ಹರಿಗೋಲಿನಲ್ಲಿ. ಉಳಿದವರು ತೇಲಲು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಹರಿಗೋಲು ಹಿಡಿದು ಸಾಗಬೇಕು. ಹೊಳೆಯ ಸದ್ದಿನಲ್ಲಿ ಕೂಗಿದ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ಕೇಳಿದರೂ ಅವರಿಗೆ ನನ್ನ ಭಾಷೆ ತಿಳಿಯುವುದಿಲ್ಲ. ಅದಕ್ಕೆ ದಡದಲ್ಲಿ ನಿಂತು ಕೈಸನ್ನೆಯಿಂದಲೇ ಕಲಿಸಿದೆ. ಕೈ ಎತ್ತಿದರೆ ಎಳೆಯಿರಿ, ಚಾಚಿದರೆ ನಿಲ್ಲಿರಿ, ಇಳಿಸಿದರೆ ಹಗ್ಗ ಬಿಡಿರಿ. ಎಷ್ಟು ಚೆನ್ನಾಗಿ ಕಲಿತರೆಂದರೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಇಂಥ ತರಬೇತಿ ಮುಗಿದ ಮೇಲೆ ಕಲಿಸಿದವರಲ್ಲಿ ಕೆಲವರು ಸಲಹೆಗಾರರಾಗಿ ಅವರ ಜೊತೆಗೇ ಹೋಗುವುದುಂಟು. ನಾನೂ ಟ್ರಂಕು ಸಿದ್ಧ ಮಾಡಿಕೊಂಡಿದ್ದೆ. ಒಂದು ಮಧ್ಯಾಹ್ನ ನಮ್ಮ ಕ್ಯಾಪ್ಟನ್ ಸಾಹೇಬರು ಜೀಪಿನಿಂದ ಇಳಿದವರೇ, “ಸಲಹೆಗಾರರು ಯಾರೂ ಹೋಗುವುದಿಲ್ಲ. ಮುಂದಿನ ವಾರ ಇವರಷ್ಟೇ ಹೊರಡುತ್ತಾರೆ” ಎಂದರು. ಕಾರಣ ಕೇಳುವ ದರ್ಜೆ ನನ್ನದಲ್ಲ.

ಸಂಜೆ ಸಣ್ಣಪ್ಪ ಬಂದು ಪಕ್ಕದಲ್ಲಿ ಕೂತ. ಸೈನ್ಯದಲ್ಲಿ ಕಲಿಸುವವನನ್ನು ಉಸ್ತಾದ್ ಎನ್ನುತ್ತಾರೆ. “ಉಸ್ತಾದ್, ಅಲ್ಲಿ ಆಚೆ ದಡದಲ್ಲಿ ಬಂದೂಕಿನವರು ಇರುತ್ತಾರೆ. ಈಚೆ ದಡದಲ್ಲಿ ಯಾರಿರುತ್ತಾರೆ?” ಎಂದ. ಊಟ ಮಾಡು ಹೋಗಪ್ಪಾ ಎಂದುಬಿಟ್ಟೆ. ಆದರೆ ಇವರು ಅಲ್ಲಿ ಸಾಯುತ್ತಾರೆ ಎಂಬ ಹೆದರಿಕೆ ಆ ಹೊತ್ತಿನಿಂದ ನನ್ನನ್ನು ಬಿಡಲಿಲ್ಲ.

ಮರುದಿನವೂ ಅಭ್ಯಾಸವಿತ್ತು. ರಣರಣ ಬಿಸಿಲು, ಮೋಡದ ಸುಳಿವಿಲ್ಲ. ಭೀಮೆಯ ಮೋಸವೇ ಅದು. ದೂರದ ಪುಣೆ ಕಡೆ ಮಳೆಯಾದರೆ ಇಲ್ಲಿ ಬಿಸಿಲಲ್ಲೇ ಹೊಳೆ ಏರುತ್ತದೆ. ಹಗ್ಗ ಕಟ್ಟಿ ಮರಳಿದವನೂ ಸೇರಿ ಒಂಬತ್ತೂ ಜನ ನಡು ಹೊಳೆಯಲ್ಲಿದ್ದಾಗ, ನನ್ನ ಪಕ್ಕದಲ್ಲಿ ನಿಂತಿದ್ದ ಅಂಬಿಗ ಭೀಮಶಾ ಕಾಕಾ ಒಮ್ಮೆಲೇ ಸೆಟೆದು ನಿಂತ.

“ತಮ್ಮಾ, ನೀರು ಬಣ್ಣ ತಿರುಗೇತಿ ನೋಡು. ಹೊಳಿ ಬರಾಕತ್ತೈತಿ!”

ನೋಡನೋಡುತ್ತಿದ್ದಂತೆ ಹೊಳೆ ಕೆಂಪಾಯಿತು. ಮೇಲಿನಿಂದ ಬೇರು ಸಮೇತ ಕಿತ್ತ ಜಾಲಿಮರವೊಂದು ತೇಲಿಬಂದು ಹಗ್ಗಕ್ಕೆ ಸಿಕ್ಕಿಕೊಂಡಿತು. ಹಗ್ಗ ಬಿಲ್ಲಿನಂತೆ ಬಾಗಿತು, ಹರಿಗೋಲು ಒಂದು ಮಗ್ಗುಲಿಗೆ ವಾಲಿತು. ಆಗ ಒಂಬತ್ತೂ ತಲೆಗಳು ದಡದ ಕಡೆ ತಿರುಗಿದವು. ಯಾರೂ ಮರ ನೋಡುತ್ತಿಲ್ಲ, ಹಗ್ಗ ನೋಡುತ್ತಿಲ್ಲ. ಎಲ್ಲರೂ ನನ್ನ ಕೈ ನೋಡುತ್ತಿದ್ದಾರೆ!

“ನಿನ್ನ ಮಾರಿ ನೋಡಾಕತ್ತಾರಲ್ಲೋ ತಮ್ಮಾ! ಏನರ ಹೇಳು!” ಎಂದು ಕಾಕಾ ಕಿರುಚಿದ.

ಏನು ಹೇಳಲಿ? ಹಗ್ಗ ಯಾವ ಕೊಂಬೆಗೆ ಸಿಕ್ಕಿದೆ, ಯಾರ ಕಾಲು ಎಲ್ಲಿ ತೊಡಕಿದೆ, ದಡದಿಂದ ಏನೂ ಕಾಣುತ್ತಿರಲಿಲ್ಲ. ಬಿಡಿ ಎಂದರೆ ಮರದ ಕೆಳಗೆ ಹೋಗುವವನು ಯಾರೋ, ಎಳೆಯಿರಿ ಎಂದರೆ ಮುಳುಗುವವನು ಯಾರೋ. ಅದು ಗೊತ್ತಾಗುವುದು ನೀರಲ್ಲಿದ್ದವನಿಗೆ ಮಾತ್ರ. ಆ ನೀರಲ್ಲಿದ್ದವನು ಏನೂ ಗೊತ್ತಿಲ್ಲದ ನನ್ನ ಕೈಗೆ ಕಾಯುತ್ತಿದ್ದ.

“ಕಾಕಾ, ನೀ ನಿನ್ನ ಹರಿಗೋಲ ತಗೊಂಡು ಕೆಳಗ ತಿರುವಿಗೆ ಹೋಗು. ತೇಲಿ ಬಂದವರ್ನ ಹಿಡಿ.”

“ಮತ್ತ ನೀ?”

ನಾನು ಒಡ್ಡಿನ ಹಿಂದೆ ಜಿಗಿದು ಜೋಳದ ಹೊಲದಲ್ಲಿ ಬೋರಲು ಮಲಗಿಬಿಟ್ಟೆ. ಕಾಕಾ “ಹೇಡಿ!” ಎಂದು ಬೈಯುತ್ತ ಓಡಿದ್ದು ಕೇಳಿಸಿತು. ಬೈಯಲಿ. ನಾನು ಕಣ್ಣಿಗೆ ಕಾಣುತ್ತಿರುವಷ್ಟು ಹೊತ್ತೂ ಅವರು ಕಾಯುತ್ತಲೇ ಇರುತ್ತಿದ್ದರು. ಮಣ್ಣಿಗೆ ಮುಖ ಒತ್ತಿ, ಎರಡೂ ಕೈ ಎದೆಯ ಕೆಳಗೆ ಅದುಮಿಕೊಂಡೆ, ಎಲ್ಲಿ ತಾವಾಗಿಯೇ ಮೇಲೇಳುತ್ತವೋ ಎಂದು. ಯುದ್ಧ ನೋಡಿದವನು ನಾನು. ಆ ಹೊಲದಲ್ಲಿ ಹೆದರಿದಷ್ಟು ಎಂದೂ ಹೆದರಿಲ್ಲ. ಯಪ್ಪಾ ದೇವರೇ, ಯಾರಾದರೂ ಒಬ್ಬ ಬಾಯಿ ಬಿಡಲಿ ಎಂದು ಬೇಡಿಕೊಂಡೆ.

ಹೊಳೆಯ ಮೊರೆತ ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ಸಣ್ಣಪ್ಪನ ದನಿ ಕೇಳಿತು. ಅವನ ಭಾಷೆಯಲ್ಲಿ ಏನೋ ಚೀರಿದ, ಮತ್ತೆ ಚೀರಿದ. ಛಟೀರೆಂದು ಹಗ್ಗ ತುಂಡಾದ ಸದ್ದು. ಎದ್ದು ನೋಡಿದರೆ ಹೊಳೆ ಖಾಲಿ.

ತಿರುವಿನವರೆಗೆ ಹೇಗೆ ಓಡಿದೆನೋ ತಿಳಿಯದು. ಇಬ್ಬರನ್ನು ಕಾಕಾ ಜುಟ್ಟು ಹಿಡಿದು ಹರಿಗೋಲಿಗೆ ಎಳೆದುಕೊಂಡಿದ್ದ. ಉಳಿದವರು ಕೆಸರಲ್ಲಿ ಬಿದ್ದು ಕೆಮ್ಮುತ್ತಿದ್ದರು. ಎಣಿಸಿದೆ, ಲೆಕ್ಕ ತಪ್ಪಿತು, ಮತ್ತೆ ಎಣಿಸಿದೆ. ಒಂಬತ್ತೂ ಜನ ಇದ್ದರು.

ಸಣ್ಣಪ್ಪ ಹಗ್ಗ ಕತ್ತರಿಸಿದ ಚೂರಿ ಹಿಡಿದೇ ನನ್ನ ಮುಂದೆ ಬಂದು ನಿಂತ. “ಎಲ್ಲಿ ಹೋಗಿದ್ದಿರಿ ಉಸ್ತಾದ್?”

“ಇಲ್ಲೇ ಇದ್ದೆ. ಮುಂದಿನ ವಾರ ಇರುವುದಿಲ್ಲ” ಎಂದೆ.

ಅವನು ನನ್ನ ಕಾಲ ಬಳಿ ಉಗುಳಿ ಹೊರಟುಹೋದ. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಮುಂದಿನ ಅಭ್ಯಾಸಗಳನ್ನು ತಾನೇ ನಡೆಸಿದ. ದಡದಲ್ಲಿ ಯಾರನ್ನೂ ನಿಲ್ಲಿಸಲಿಲ್ಲ, ನೀರಲ್ಲಿ ತಾನೇ ಮುಂದಿದ್ದ. ನಾನು ಬೇವಿನ ಮರದ ಕೆಳಗೆ ಕೆಲಸವಿಲ್ಲದವನಂತೆ ಕೂತೆ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಅವರನ್ನು ರೈಲು ಹತ್ತಿಸಿದಾಗ ಎಂಟು ಜನ ನನ್ನ ಕೈ ಹಿಡಿದು ಕಣ್ಣೀರು ಹಾಕಿದರು. ಸಣ್ಣಪ್ಪ ಆಚೆ ಬದಿಯ ಕಿಟಕಿಗೆ ಮುಖ ಮಾಡಿ ಕೂತಿದ್ದ.

ಅವರು ಗಡಿಯ ಹೊಳೆ ದಾಟಿದರೋ, ಬದುಕಿದರೋ, ನನಗೆ ಯಾರೂ ತಿಳಿಸಲಿಲ್ಲ. ಆ ದೇಶದಲ್ಲಿ ಗಲಾಟೆ ಎಂದು ರೇಡಿಯೊದಲ್ಲಿ ಕೇಳಿದಾಗಲೆಲ್ಲ ದನಿ ಏರಿಸಿ ಹತ್ತಿರ ಹೋಗಿ ಕೂರುತ್ತಿದ್ದೆ. ನಿವೃತ್ತಿಯವರೆಗೆ ಇನ್ನೂ ಎಷ್ಟೋ ತಂಡಗಳಿಗೆ ಕಲಿಸಿದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಹೊರಡುವಾಗ ಕಾಲಿಗೆ ಬಿದ್ದು, ನೀವಿಲ್ಲದೆ ಹೇಗೆ ಉಸ್ತಾದ್ ಎಂದು ಅತ್ತ ಶಿಷ್ಯನ ಬಗ್ಗೆ ಹೆದರಬೇಕು. ಆ ಎಂಟು ಜನರನ್ನು ನೆನೆದರೆ ಇಂದಿಗೂ ನಿದ್ದೆ ಹತ್ತುವುದಿಲ್ಲ. ಸಣ್ಣಪ್ಪ ಅವರ ಜೊತೆಗಿದ್ದಾನೆ, ನನ್ನ ಮೇಲಿನ ಸಿಟ್ಟು ಅವನಿಗಿನ್ನೂ ಇಳಿದಿಲ್ಲ ಎಂದುಕೊಂಡು ಕಣ್ಣು ಮುಚ್ಚುತ್ತೇನೆ.