ಎರಡು ಬೆರಳು ಉದ್ದದ ಹಗ್ಗ

ನನ್ನ ತಂಗಿಯ ಎಡಗೈ ಬಗ್ಗೆ ಬರೆಯಬೇಕು. ಬರೆಯುವ ಅಭ್ಯಾಸ ನನಗಿಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟು ಭದ್ರಾವತಿಯ ಒಂದು ಕುಶನ್ ಅಂಗಡಿಗೆ ಸೇರಿದವನು ನಾನು. ಸ್ಕೂಟರು, ಆಟೋ, ಬಸ್ಸಿನ ಸೀಟುಗಳಿಗೆ ರೆಕ್ಸಿನ್ ಹೊಲಿಯುವುದು ನನ್ನ ಕೆಲಸ. ಸೂಜಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯಲು ಬರುವುದಿಲ್ಲ. ಆದರೆ ಆ ಎಡಗೈಗೆ ನಾನು ಮಾಡಿದ್ದನ್ನು ನಾನೇ ಹೇಳದಿದ್ದರೆ ಇನ್ನು ಯಾರೂ ಹೇಳುವವರಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಪ್ಪನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ, ನಮ್ಮ ವಾಸ ಕಾಲೋನಿಯ ಕ್ವಾರ್ಟರ್ಸಿನಲ್ಲಿ. ತಂಗಿ ಹೈಸ್ಕೂಲು ಓದುತ್ತಿದ್ದಳು. ಒಂದು ದಿನ ಅಂಗಡಿಯ ಮಾಲೀಕರು ನನ್ನ ಕೈಗೆ ಹೊಲಿದ ಸೀಟ್ ಕವರೊಂದನ್ನು ಕೊಟ್ಟು, ಶಿವಮೊಗ್ಗದ ಕೋಟೆಯ ಹತ್ತಿರ ಬಸ್ ಡ್ರೈವರೊಬ್ಬರ ಮನೆಗೆ ತಲುಪಿಸಲು ಕಳಿಸಿದರು. ಓಣಿಯ ಕೊನೆಯ ಮನೆ. ಅಂಗಳದಲ್ಲಿ ಅವರ ಹೆಂಡತಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹಗ್ಗವನ್ನು ನಡುವೆ ಹಿಡಿದು ತಿರುಗಿಸುತ್ತಿದ್ದರು. ಹಗ್ಗದ ಎರಡು ತುದಿಗೂ ಒಂದೊಂದು ಸ್ಟೀಲ್ ಬಟ್ಟಲು, ಬಟ್ಟಲ ತುಂಬ ನೀರು. ಬಟ್ಟಲುಗಳು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಹಾದು ಬರುತ್ತಿದ್ದವು. ಒಂದು ಹನಿಯೂ ಕೆಳಗೆ ಬೀಳುತ್ತಿರಲಿಲ್ಲ.

"ಏನ್ ತಂಬೀ, ಬಾಯಿ ಮುಚ್ಕೋ. ನೀರು ಬಿದ್ರೆ ಒಳಗೇ ಹೋಗತ್ತೆ" ಎಂದರು ಅವರು, ತಿರುಗಿಸುವುದನ್ನು ನಿಲ್ಲಿಸದೆಯೇ.

ತಮಿಳು ಸೀಮೆಯಲ್ಲಿ ಹುಟ್ಟಿ, ಸರ್ಕಸ್ಸಿನಲ್ಲಿ ಬೆಳೆದು, ಡ್ರೈವರನ್ನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ನೆಲೆಸಿದವರು. ನಾವು ಆಂಟಿ ಎನ್ನುತ್ತಿದ್ದೆವು. ನೀರಿನ ಬಟ್ಟಲಿನ ಹಗ್ಗಕ್ಕೆ ಸರ್ಕಸ್ಸಿನವರು ಮೀಟಿಯರ್ ಎನ್ನುತ್ತಾರಂತೆ. ಎರಡು ಕೈಗೆ ಎರಡು ಬೇರೆ ಬೇರೆ ಹಗ್ಗ, ತುದಿಗೊಂದೊಂದು ಚೆಂಡು ಇದ್ದರೆ ಅದು ಪೋಯಿ. ಆ ಹೆಸರನ್ನೂ ಆ ಆಟವನ್ನೂ ಅವರಿಗೆ ಕಲಿಸಿದವಳು ಅವರ ಸರ್ಕಸ್ಸಿಗೆ ಬಂದಿದ್ದ ಯಾವುದೋ ದೂರದೇಶದ ಹುಡುಗಿ. ಮುಂದಿನ ಭಾನುವಾರ ನಾನು ತಂಗಿಯನ್ನೂ ಕರೆದುಕೊಂಡು ಹೋದೆ. ಆಮೇಲೆ ನಮ್ಮ ಭಾನುವಾರಗಳೆಲ್ಲ ಆ ಅಂಗಳದ್ದೇ ಆದವು.

ಆಂಟಿಯ ಮೊದಲ ಪಾಠ ಹಗ್ಗದ್ದು. ಪೋಯಿಯ ಹಗ್ಗವನ್ನು ತಿರುಗಿಸುವವರ ಮೈಯಿಂದಲೇ ಅಳೆಯಬೇಕು, ಕಂಕುಳಿಂದ ಬೆರಳ ತುದಿಯವರೆಗೆ. ಒಬ್ಬರ ಹಗ್ಗ ಇನ್ನೊಬ್ಬರಿಗೆ ಆಗದು. ದಿನವೂ ಆಟ ಶುರು ಮಾಡುವ ಮುನ್ನ ಎರಡೂ ಹಗ್ಗದ ಕುಣಿಕೆಗಳನ್ನು ಒಂದೇ ಬೆರಳಿಗೆ ತೂಗಿಬಿಟ್ಟು ನೋಡಬೇಕು. ಚೆಂಡಿಗೆ ಚೆಂಡು ಸಮವಾಗಿ ತಾಗಬೇಕು. "ಮುತ್ತು ಕೊಡ್ಬೇಕು" ಎನ್ನುತ್ತಿದ್ದರು ಆಂಟಿ. "ಮುತ್ತು ಮೂಗಿಗೆ ಬಿದ್ರೆ ಹಗ್ಗ ಬಿಚ್ಚಿ ಮತ್ತೆ ಕಟ್ಟು."

ಮೀಟಿಯರ್ ಕಲಿಯುವಾಗ ನಾವು ಎಷ್ಟು ನೆನೆದೆವೋ ಲೆಕ್ಕವಿಲ್ಲ. ಪಕ್ಕದ ಮನೆಯ ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಸಂಡಿಗೆ ಒಣಗಿಸಿದ್ದರು. ಬೆನ್ನ ಹಿಂದೆ ಹಗ್ಗ ದಾಟಿಸಲು ಹೋಗಿ ನನ್ನ ಬಟ್ಟಲು ಕಾಂಪೌಂಡು ಹಾರಿ ನೇರ ಚಾಪೆಯ ಮೇಲೆ ಬಿತ್ತು.

"ಏ ಸರ್ಕಸ್ ಕಂಪನಿ! ಒಣಗಿದ್ ಸಂಡಿಗೆ ಮತ್ತೆ ಹಿಟ್ಟಾಯ್ತಲ್ರೋ!"

"ಅಜ್ಜೀ, ನಾನಲ್ಲ, ನಮ್ಮಣ್ಣ" ಎಂದು ತಂಗಿ ಕೂಗಿದಳು.

"ಅಣ್ಣ ಆದ್ರೇನು ತಮ್ಮ ಆದ್ರೇನು ಮಾರಾಯ್ತಿ, ಬಂದು ಮಗುಚಿ ಹಾಕು!"

ಇಬ್ಬರೂ ಹೋಗಿ ಸಂಡಿಗೆ ಮಗುಚಿದೆವು. ಅಜ್ಜಿ ಬೈಯುತ್ತಲೇ ಒಂದು ಹಿಡಿ ಕರಿದ ಸಂಡಿಗೆ ತಂದುಕೊಟ್ಟರು.

ಪೋಯಿಯಲ್ಲಿ ಮೊದಲು ಕಲಿಯುವುದು ಎರಡು ಚೆಂಡುಗಳನ್ನು ಮೈಯ ಎರಡು ಬದಿಯಲ್ಲಿ ಒಂದರ ಹಿಂದೊಂದು ಹೆಣೆಯುವುದನ್ನು. ಕೈಗಳು ಎದೆಯ ಮುಂದೆ ಅಡ್ಡ ಹಾದು ಬಿಡಿಸಿಕೊಳ್ಳಬೇಕು. ನನ್ನ ಚೆಂಡುಗಳು ಪ್ರತಿಸಲವೂ ಒಂದನ್ನೊಂದು ಗುದ್ದಿ ನನ್ನ ಕಿವಿಗೆ ಬಡಿಯುತ್ತಿದ್ದವು. ತಂಗಿ ಸ್ವಲ್ಪ ಹೊತ್ತು ನೋಡಿ, "ಅಯ್ಯೋ, ಇದು ಜಡೆ ಅಲ್ವಾ ಆಂಟಿ?" ಎಂದಳು. ತಿರುಗಿಸಿಯೇ ಬಿಟ್ಟಳು. ಅಂದಿನಿಂದ ಆ ಹೆಣಿಗೆಯ ಹೆಸರು ಮೂರೆಳೆ ಜಡೆ. ಅದಕ್ಕಿಂತ ಕಷ್ಟದ್ದು, ಕೈಗಳನ್ನು ಇನ್ನೊಂದು ಸುತ್ತು ಒಳಗೆ ಸಿಕ್ಕಿಸಿ ಬಿಡಿಸಿಕೊಳ್ಳುವುದು, ಐದೆಳೆ ಜಡೆ.

ಆಂಟಿ ನನ್ನ ಕೈಗೆ ಬಾಚಣಿಗೆ ಕೊಟ್ಟರು. "ತಂಬೀ, ನಿನ್ ಕೈಗೆ ಜಡೆ ಗೊತ್ತಿಲ್ಲ. ತಂಗಿ ತಲೆ ಇದೆಯಲ್ಲ, ಕೂತ್ಕೋ."

"ನನ್ ತಲೆ ಇವನ ಕೈಗಾ? ಇವ್ನು ಸೀಟ್ ಹೊಲಿಯೋನು ಆಂಟಿ, ರೆಕ್ಸಿನ್ ಅಂದ್ಕೊಂಡು ಮೊಳೆ ಹೊಡೀತಾನೆ!"

ಒಂದು ತಿಂಗಳು ಪೂರ್ತಿ ತಂಗಿಯ ಜಡೆ ನಾನೇ ಹಾಕಿದೆ. ನನ್ನ ಸೊಟ್ಟ ಜಡೆಯಲ್ಲಿಯೇ ಅವಳು ಶಾಲೆಗೆ ಹೋಗುತ್ತಿದ್ದಳು. ಗೆಳತಿಯರು ನಕ್ಕರೆ, "ಇದು ಸರ್ಕಸ್ ಜಡೆ, ನಿಮಗೆ ಗೊತ್ತಾಗಲ್ಲ" ಎನ್ನುತ್ತಿದ್ದಳಂತೆ. ಬಸ್ಸಿನಲ್ಲಿ ವಾಪಸು ಬರುವಾಗ ಹಗ್ಗವಿಲ್ಲದೆ ಬರಿಗೈಯಲ್ಲಿಯೇ ಐದೆಳೆ ಅಭ್ಯಾಸ ಮಾಡುತ್ತಿದ್ದಳು. ಕಂಡಕ್ಟರು, "ಏನಮ್ಮಾ, ಅಷ್ಟೊಂದು ಸೊಳ್ಳೆನಾ?" ಎಂದು ಕೇಳಿದ್ದಕ್ಕೆ ಇಡೀ ಬಸ್ಸು ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಆ ನಗುವಿನ ನಡುವೆಯೇ ನನ್ನೊಳಗೆ ಬೇರೆ ಏನೋ ಬೆಳೆಯಿತು. ಅವಳಿಗೆ ಶಾಲೆ ಇತ್ತು, ಟೀಚರುಗಳ ಹೊಗಳಿಕೆ ಇತ್ತು, ಈಗ ಇದೂ ಬರುತ್ತಿತ್ತು. ನನಗಿದ್ದುದು ಇದೊಂದೇ. ಅಂಗಳಕ್ಕೆ ಮೊದಲು ಹೋದವನು ನಾನು, ಅವಳನ್ನು ಕರೆದುಕೊಂಡು ಹೋದವನೂ ನಾನು.

ಕಾಲೋನಿಯ ಮೈದಾನದಲ್ಲಿ ರಾಜ್ಯೋತ್ಸವದ ಸಂಜೆ ಆರ್ಕೆಸ್ಟ್ರಾ ಇರುತ್ತಿತ್ತು. ಆ ವರ್ಷ ಹಾಡುಗಳ ನಡುವೆ ಒಂದು ಆಟ ಬೇಕೆಂದು ಕಾಲೋನಿಯವರು ಆಂಟಿಯನ್ನು ಕೇಳಿದರು. "ಸ್ಟೇಜು ಚಿಕ್ಕದು, ಒಬ್ರೇ. ಇಬ್ರು ತಿರುಗಿಸಿದ್ರೆ ಕೀಬೋರ್ಡ್‌ನವನ ತಲೆ ಹೋಗತ್ತೆ" ಎಂದರು ಆಂಟಿ. "ನಾನು ಊರಿಗೆ ಹೋಗಿ ಬರ್ತೀನಿ. ಬಂದಾಗ ಐದೆಳೆ ಯಾರು ಚೆನ್ನಾಗಿ ತಿರುಗಿಸ್ತೀರೋ ಅವರು ಸ್ಟೇಜ್ ಹತ್ತಿ." ಅವರ ಅತ್ತೆಗೆ ಹುಷಾರಿರಲಿಲ್ಲ, ದಸರಾ ಕಳೆದೇ ಬರುವುದಿತ್ತು.

ಆಂಟಿ ಹೋದ ಸ್ವಲ್ಪ ದಿನಕ್ಕೆ ತಂಗಿಯ ಹಗ್ಗಗಳು ಸವೆದು ಎಳೆ ಬಿಟ್ಟವು. ಹೊಸದು ಮಾಡಿಕೊಡು ಎಂದಳು. ಅಂಗಡಿಯಿಂದ ರೆಕ್ಸಿನ್ ತುಂಡು ತಂದು, ಸ್ಪಂಜಿನ ಚೂರು, ಮರಳು ತುಂಬಿ ಚೆಂಡು ಹೊಲಿದೆ. ಅಳತೆಗೆ ಅವಳು ಬರಿಗಾಲಲ್ಲಿ ನಿಂತು ಕೈ ಚಾಚಿದಳು. ಕಂಕುಳಿಗೆ ಹಗ್ಗ ತಾಗಿದ್ದಕ್ಕೆ ಕಚಗುಳಿಯಾಗಿ ಕುಪ್ಪಳಿಸಿದಳು. ಬಲಗೈಯ ಹಗ್ಗವನ್ನು ಸರಿಯಾಗಿ ಕತ್ತರಿಸಿದೆ. ಎಡಗೈಯದನ್ನು ಕತ್ತರಿಸುವಾಗ ಕತ್ತರಿಯನ್ನು ಎರಡು ಬೆರಳು ಆಚೆಗೆ ಸರಿಸಿದೆ. ಕೈ ಜಾರಿದ್ದಲ್ಲ.

ಅವಳು ಆ ಹಗ್ಗಗಳನ್ನು ಬೆರಳಿಗೆ ತೂಗಿ ನೋಡುತ್ತಾಳೆ, ಸಿಕ್ಕಿಬೀಳುತ್ತೇನೆ, ತಪ್ಪಾಯಿತು ಎಂದರಾಯಿತು ಅಂದುಕೊಂಡಿದ್ದೆ. ಅವಳು ನೋಡಲಿಲ್ಲ. ಹಳೆಯ ಹಗ್ಗಗಳನ್ನು ದಿನವೂ ತೂಗಿ ನೋಡುತ್ತಿದ್ದವಳು ಇವನ್ನು ಹಾಗೆಯೇ ಬೆರಳಿಗೆ ಸಿಕ್ಕಿಸಿಕೊಂಡಳು. ಆಂಟಿ ಹೇಳಿದ್ದನ್ನು ನಾನೇ ನೆನಪಿಸಿದರೆ, "ಅಣ್ಣ ಹೊಲಿದಿದ್ದು, ಸಮನೇ ಇರತ್ತೆ ಬಿಡು" ಎಂದಳು.

ಆಮೇಲೆ ಅವಳ ಐದೆಳೆ ಕೆಟ್ಟಿತು. ಎಡಗಡೆಯ ಚೆಂಡು ತಡವಾಗಿ ಬರುತ್ತಿತ್ತು, ಮೊಣಕಾಲಿಗೆ ಬಡಿಯುತ್ತಿತ್ತು, ನೆಲ ಸವರುತ್ತಿತ್ತು. ಹಗ್ಗದ ಮೇಲೆ ಅವಳಿಗೆ ಅನುಮಾನ ಬರಲೇ ಇಲ್ಲ, ಎಡಗೈಯನ್ನೇ ದೂರಿದಳು. "ದಡ್ಡೀ, ಸೋಮಾರೀ" ಎಂದು ಅದಕ್ಕೆ ಬೈಯುತ್ತಿದ್ದಳು. ಬುದ್ಧಿ ಕಲಿಸಬೇಕೆಂದು ಎಲ್ಲ ಕೆಲಸವನ್ನೂ ಎಡಗೈಯಲ್ಲಿ ಮಾಡತೊಡಗಿದಳು. ಎಡಗೈಯಲ್ಲಿ ಕಸ ಗುಡಿಸಿದಳು, ಹಿಟ್ಟು ನಾದಿದಳು. ಒಂದು ದಿನ ಅಪ್ಪನಿಗೆ ಎಡಗೈಯಲ್ಲಿಯೇ ಅನ್ನ ಬಡಿಸಿದಳು.

"ಏನೇ ಇದು! ಎಡಗೈಲಿ ಬಡಿಸ್ತೀಯಲ್ಲೇ!" ಎಂದು ಅಮ್ಮ ಸೌಟು ಕಿತ್ತುಕೊಂಡಳು.

"ಅಮ್ಮಾ, ಈ ಕೈ ಸ್ಕೂಲಿಗೆ ಹೋಗಿಲ್ಲ. ಈಗ ಸೇರಿಸಿದೀನಿ."

ಅಪ್ಪ ನಕ್ಕುಬಿಟ್ಟರು. ಹೇಳುವುದಾದರೆ ಅಂದೇ ಹೇಳಬಹುದಿತ್ತು. ಊಟವಾದ ಮೇಲೆ ಅವಳು ಜಗಲಿಯಲ್ಲಿ ಕೂತು, "ಅಣ್ಣಾ, ಯಾಕೋ ಹೀಗೆ ಆಗತ್ತೆ?" ಎಂದು ಕೇಳಿದಳು. "ಕೆಲವರ ಎಡಗೈ ಹುಟ್ಟಾ ಹಾಗೇ ಇರತ್ತೆ, ಬಿಟ್ಬಿಡು" ಎಂದೆ. ಹಗ್ಗ ಕತ್ತರಿಸಿದ್ದಕ್ಕಿಂತ ಆ ಮಾತು ಆಡಿದ್ದಕ್ಕೆ ನನಗೆ ಹೆಚ್ಚು ನಾಚಿಕೆ. ಅವಳು ಬಿಡಲಿಲ್ಲ.

ಆಂಟಿ ಬಂದ ಭಾನುವಾರ ಇಬ್ಬರೂ ಕೋಟೆಗೆ ಹೋದೆವು. ನಾನು ಮೊದಲು ತಿರುಗಿಸಿದೆ. ಐದೆಳೆ ಎಲ್ಲಿಯೂ ಸಿಕ್ಕಾಗಲಿಲ್ಲ. ಆಂಟಿ ಹೊಸಲಿನ ಮೇಲೆ ಕೂತು, "ಭೇಷ್ ತಂಬಿ" ಎಂದರು. ನಂತರ ತಂಗಿ. ಅವಳ ಎಡ ಚೆಂಡು ಎಂದಿನಂತೆ ಹಿಂದೆ ಉಳಿಯಿತು. ಆದರೆ ಅವಳು ಅದನ್ನು ಎಳೆದಾಡಲಿಲ್ಲ. ಎಡಗೈಯೇ ಗಾಳಿಯಲ್ಲಿ ಒಂದು ಸಣ್ಣ ಸುತ್ತು ಹಾಕಿ ಚೆಂಡನ್ನು ಎತ್ತಿಕೊಂಡಿತು. ಇನ್ನೊಂದು ಸುತ್ತು, ಮತ್ತೊಂದು. ಕೈ ಒಂದು ಕಡೆಗೆ, ಚೆಂಡು ಅದರ ಎದುರು ಕಡೆಗೆ. ಬಲಗಡೆ ಜಡೆ ಹೆಣೆಯುತ್ತಿದ್ದರೆ ಎಡಗಡೆ ಗಾಳಿಯಲ್ಲಿ ದಳ ದಳವಾಗಿ ಹೂವೊಂದು ಬಿಡಿಸಿಕೊಳ್ಳುತ್ತಿತ್ತು.

ಆಂಟಿ ಎದ್ದು ನಿಂತರು. "ನಿಲ್ಲಿಸ್ಬೇಡ ಕಣ್ಣೂ, ನಿಲ್ಲಿಸ್ಬೇಡ! ಇದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಆಂಟಿ. ಈ ದಡ್ಡಿ ತಾನೇ ಕಲಿತಿದ್ದು."

"ಆ ವಿದೇಶದ ಹುಡುಗಿ ಇದನ್ನ ಮಾಡ್ತಿದ್ಲು. ನನಗೆ ಕೊನೆಗೂ ಬರ್ಲಿಲ್ಲ ನೋಡು!" ಎಂದು ಹತ್ತಿರ ಬಂದು ಅವಳ ಕೈಯಿಂದ ಹಗ್ಗಗಳನ್ನು ತೆಗೆದುಕೊಂಡರು. ಅಭ್ಯಾಸಬಲ, ಕುಣಿಕೆಗಳನ್ನು ಒಂದೇ ಬೆರಳಿಗೆ ತೂಗಿದರು. ಚೆಂಡುಗಳು ಮುತ್ತು ಕೊಡಲಿಲ್ಲ. ಒಂದು ಇನ್ನೊಂದರ ಕೆಳಗೆ ನೇತಾಡಿತು. ಆಂಟಿ ಅದನ್ನು ನೋಡಿದರು. ನನ್ನನ್ನು ನೋಡಿದರು.

"ಹೊಸ ಹಗ್ಗ. ಹಿಗ್ಗಿರತ್ತೆ" ಎಂದರು.

ಒಂದೇ ಹುರಿಯಿಂದ ಕತ್ತರಿಸಿದ ಎರಡು ಹಗ್ಗದಲ್ಲಿ ಒಂದು ಮಾತ್ರ ಹಾಗೆ ಹಿಗ್ಗುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ಮಾತಾಡಲು ನನಗೆ ಜಾಗ ಬಿಟ್ಟುಕೊಟ್ಟು ಅವರು ನಿಧಾನವಾಗಿ ಗಂಟು ಬಿಚ್ಚಿ ಕಟ್ಟಿದರು. ನಾನು ನನ್ನ ಹಗ್ಗಗಳನ್ನು ಸುತ್ತಿಡುತ್ತ ಕೂತೆ. ತಂಗಿ ಮಾತ್ರ, "ಹಗ್ಗ ಹಿಗ್ಗಿದ್ದಕ್ಕೆ ನಿನ್ನನ್ನ ಬೈದೆನಲ್ಲೇ" ಎಂದು ಎಡಗೈಗೆ ಒಂದು ಮುತ್ತು ಕೊಟ್ಟಳು. ಸಮ ಹಗ್ಗದಲ್ಲಿ ಅವಳು ತಿರುಗಿಸಿದ ಐದೆಳೆ ನೋಡಿದ ಮೇಲೆ ಸ್ಟೇಜು ಯಾರದೆಂದು ಕೇಳಬೇಕಾಗಿರಲಿಲ್ಲ.

ರಾಜ್ಯೋತ್ಸವದ ಸಂಜೆ ಮೊದಲು ಮೀಟಿಯರ್ ತಿರುಗಿಸಿದಳು. ಕೀಬೋರ್ಡ್‌ನವನು ಭಯದಿಂದ ತನ್ನ ಕೀಬೋರ್ಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದ. ಅವಳು ಆಟ ಮುಗಿಸಿ, ತುಂಬಿದ ಬಟ್ಟಲಿನಿಂದ ಒಂದು ಗುಟುಕು ಕುಡಿದು ತೋರಿಸಿದಾಗ ಅವನೇ ಮೊದಲು ಶಿಳ್ಳೆ ಹಾಕಿದ. ಆಮೇಲೆ ಹೂವು ಬಿಡಿಸಿದಳು. ಅಮ್ಮ ಪಕ್ಕದವರಿಗೆಲ್ಲ, "ಅದು ಎಡಗೈ, ನೋಡ್ರೀ, ಎಡಗೈ" ಎಂದು ತೋರಿಸುತ್ತಿದ್ದಳು. ನಾನು ಸ್ಟೇಜಿನ ಬದಿಯಲ್ಲಿ ನಿಂತು ಗಂಟಲು ಹರಿಯುವಷ್ಟು ಕೂಗಿದೆ. ಆ ಕೂಗು ಸುಳ್ಳಲ್ಲ. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ತಿಳಿಯದು. ತಪ್ಪು ಮಾತ್ರ ಉಳಿಯಿತು.

ವರ್ಷಗಳು ಕಳೆದವು. ತಂಗಿ ಮದುವೆಯಾಗಿ ಶಿವಮೊಗ್ಗದಲ್ಲಿಯೇ ಇದ್ದಾಳೆ. ಭಾನುವಾರ ಬೆಳಿಗ್ಗೆ ಬಡಾವಣೆಯ ಮಕ್ಕಳಿಗೆ ಪೋಯಿ ಕಲಿಸುತ್ತಾಳೆ. ಅವಳು ಒಂದು ಪದ್ಧತಿ ಮಾಡಿಕೊಂಡಿದ್ದಾಳೆ. ಮೂರೆಳೆ ಕಲಿತ ಮಕ್ಕಳಿಗೆಲ್ಲ ಸ್ವಲ್ಪ ದಿನ ಎಡಗಡೆಗೆ ಎರಡು ಬೆರಳು ಹೆಚ್ಚು ಉದ್ದದ ಹಗ್ಗ ಕೊಡುತ್ತಾಳೆ, ಹೂವು ತಾನಾಗಿ ಬರಲೆಂದು. ಆ ಜೋಡಿಗಳನ್ನು ಹೊಲಿಯುವವನು ನಾನೇ. ಈಗ ನನ್ನದೇ ಕುಶನ್ ಅಂಗಡಿ ಇದೆ. ಪ್ರತಿಸಲ ಕತ್ತರಿ ಎರಡು ಬೆರಳು ಆಚೆಗೆ ಸರಿಯುವಾಗ ಜಗಲಿಯಲ್ಲಿ ಆಡಿದ ಆ ಮಾತು ನೆನಪಾಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಹೊಸ ಮಕ್ಕಳಿಗೆಂದು ಅಳತೆ ತಂದವಳು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. "ಆವತ್ತು ಆ ಹಗ್ಗ ಹಿಗ್ಗದೇ ಇದ್ದಿದ್ರೆ ಈ ಪಾಠನೇ ಇಲ್ಲ ನೋಡು" ಎಂದಳು.

"ಹಿಗ್ಗಿರ್ಲಿಲ್ಲ" ಎಂದೆ. "ನಾನೇ ಉದ್ದ ಕತ್ತರಿಸಿದ್ದು. ಬೇಕಂತ. ನೀನು ಸ್ಟೇಜ್ ಹತ್ತಬಾರ್ದು ಅಂತ."

ಅವಳು ಕೈಯಲ್ಲಿದ್ದ ರೆಕ್ಸಿನ್ ಚೆಂಡನ್ನು ನನ್ನ ತಲೆಗೆ ಎಸೆದಳು. ತಮಾಷೆಗೆ ಎಸೆದದ್ದಲ್ಲ, ನೋವಾಯಿತು. ಆಮೇಲೆ ಎಡಗೈ ಮುಂದೆ ಚಾಚಿದಳು.

"ನನ್ನ ಹತ್ರ ಆಮೇಲೆ. ಮೊದ್ಲು ಇದರ ಹತ್ರ ಕೇಳು. ಹುಟ್ಟಾ ಹಾಗೇ ಅಂದೆಯಲ್ಲ, ಇದಕ್ಕೇ ಅಂದಿದ್ದು."

ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಪ್ಪಾಯಿತು ಎಂದೆ.

"ಜೋರಾಗಿ ಹೇಳು, ಅದಕ್ಕೆ ಕಿವಿ ಇಲ್ಲ" ಎಂದಳು. ಅಷ್ಟರಲ್ಲಿ ಅವಳಿಗೇ ನಗು ಬಂದಿತ್ತು. "ಅಯ್ಯೋ ಮಾರಾಯ, ಅಪ್ಪಂಗೆ ಎಡಗೈಲಿ ಬಡಿಸಿದ್ನಲ್ಲೋ ನಾನು!" ಕಣ್ಣೊರೆಸಿಕೊಂಡು ಎದ್ದಳು. "ಚಪ್ಪಲಿ ಬಿಡು. ಕೈ ಚಾಚು."

ನಾನು ಹಗ್ಗ ಹಿಡಿಯದೆ ವರ್ಷಗಳಾಗಿದ್ದವು. ಅವಳು ನನ್ನ ಕಂಕುಳಿಂದ ಬೆರಳ ತುದಿಯವರೆಗೆ ಅಳೆದು, ನನಗೆ ಬೆನ್ನು ಮಾಡಿ ಕತ್ತರಿಸಿ, ಚೆಂಡು ಕಟ್ಟಿ ಕೊಟ್ಟಳು. ನಾನು ಅಭ್ಯಾಸಬಲದಿಂದ ಕುಣಿಕೆಗಳನ್ನು ಒಂದು ಬೆರಳಿಗೆ ತೂಗಲು ಹೋದೆ. ಅವಳು ನನ್ನ ಕೈಗೆ ಹೊಡೆದಳು.

"ನೋಡ್ಬೇಡ. ತಂಗಿ ಕತ್ತರಿಸಿದ್ದು. ತಿರುಗಿಸು."

ಅಂಗಡಿಯ ಮುಂದಿನ ರಸ್ತೆಯಲ್ಲಿ, ಆಟೋದವರೆಲ್ಲ ನೋಡುತ್ತಿರುವಾಗ, ಬರಿಗಾಲಲ್ಲಿ ನಿಂತು ಮೂರೆಳೆಯಿಂದ ಶುರು ಮಾಡಿದೆ. ಎಡಗಡೆಯ ಚೆಂಡು ಒಂದಿಷ್ಟು ತಡವಾಗಿ ಬಂದಂತೆ ಅನ್ನಿಸಿತು. ಅದು ಹಗ್ಗದ ಉದ್ದವೋ ನನ್ನ ವಯಸ್ಸೋ ಗೊತ್ತಿಲ್ಲ. ಇವತ್ತಿನವರೆಗೂ ತೂಗಿ ನೋಡಿಲ್ಲ.